ಮೇಷ್ಟರ ಮನಸ್ಸಿಗೂ ಒಂದು ಪಾಠ ಬೇಡವೆ?

ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜುಲೈ ತಿಂಗಳಲ್ಲಿ ಕೊಟ್ಟ ಒಂದು ತೀರ್ಪನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶಪರೀಕ್ಷೆಗೆಂದು ಓದುತ್ತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳ ಸಾವಿನ ಸಂಬಂಧದಲ್ಲಿ ಬಂದ ಮೊಕದ್ದಮೆ ಅದು. ನೂರು ಮಂದಿಗೆ ಕಡಿಮೆಯಿಲ್ಲದೆ ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲೂ ಅರ್ಹತೆ ಪಡೆದ ಒಬ್ಬ ಆಪ್ತಸಲಹೆಗಾರರಾದರೂ ಇರತಕ್ಕದ್ದು, ಅಧ್ಯಾಪಕರೂ ಇತರ ಸಿಬ್ಬಂದಿಯೂ ವರ್ಷಕ್ಕೆರಡು ಸಲ ಈ ಬಗ್ಗೆ ತರಬೇತಿ ಪಡೆಯತಕ್ಕದ್ದು ಎಂದು ನ್ಯಾಯಾಲಯ ವಿಧಿಸಿತು. ೨೦೨೨ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ೧೩,೦೪೪ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ಸರ್ಕಾರದ ಅಪರಾಧ ದಾಖಲೆಯ ಲೆಕ್ಕವೇ ಹೇಳುತ್ತಿರುವಾಗ, ಇಂಥ ಆಜ್ಞೆ ಬೇಡವೆಂದು ಯಾರು ಹೇಳಿಯಾರು? ನಾನಂತೂ ಹೇಳುವುದಿಲ್ಲ.

ನನ್ನ ತಕರಾರು ಬೇರೆ. ಈ ತೀರ್ಪು ಬಂದ ಮೇಲೆ ಅಧ್ಯಾಪಕರ ಕೊಠಡಿಗಳಲ್ಲಿ ಒಂದು ಬಗೆಯ ನೆಮ್ಮದಿಯ ಉಸಿರು ಕೇಳಿಬರುತ್ತಿದೆ. “ಸದ್ಯ, ಹುಡುಗರ ಮನಸ್ಸಿನ ಗೊಡವೆ ಇನ್ನು ನಮಗಿಲ್ಲ ಕಣ್ರೀ. ಅದಕ್ಕೇ ಅಂತ ಒಬ್ಬರು ಬರ್ತಾರೆ. ನಮ್ಮ ಪಾಡಿಗೆ ನಾವು ಪಾಠ ಹೇಳಿ ಹೋದರಾಯಿತು” ಎಂದು ಮಿತ್ರರೊಬ್ಬರು ನನ್ನೆದುರಿಗೇ ಅಂದರು. ಕಾಲೇಜಿಗೊಬ್ಬ ದೈಹಿಕ ಶಿಕ್ಷಣದ ನಿರ್ದೇಶಕರಿದ್ದಾರಾದ್ದರಿಂದ ಮಿಕ್ಕವರು ನಡೆದಾಡುವುದನ್ನೇ ಬಿಡಬಹುದು ಎಂದಂತಾಯಿತು ಇದು! ಮನಸ್ಸು ಎಂಬುದು ಮೂಲೆಯ ಒಂದು ಕೊಠಡಿಯಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಇರುವ ಪದಾರ್ಥವಲ್ಲವಷ್ಟೆ? ಅದು ಬೆಳಗಿನ ಮೊದಲನೆಯ ಪೀರಿಯಡ್ಡಿನಲ್ಲೂ ಇರುತ್ತದೆ. ಹಾಜರಿ ಕೂಗುವಾಗಲೂ ಇರುತ್ತದೆ. ಮುಖ್ಯವಾಗಿ, ಮೇಜಿನ ಈಚೆ ನಿಂತಿರುವ ಅಧ್ಯಾಪಕನಿಗೂ ಅದೊಂದು ಇರುತ್ತದೆ. ಇದನ್ನು ಮಾತ್ರ ಯಾವ ತೀರ್ಪೂ, ಯಾವ ಸುತ್ತೋಲೆಯೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಆಳದ ಮನಶ್ಶಾಸ್ತ್ರವನ್ನು, ಎಂದರೆ ನಮ್ಮ ಎಚ್ಚರದ ಬುದ್ಧಿಗೆ ನಿಲುಕದೆ ಒಳಗೇ ಕೆಲಸ ಮಾಡುವ ಸುಪ್ತಮನಸ್ಸನ್ನು ಕುರಿತು ಫ್ರಾಯ್ಡ್, ಯೂಂಗ್, ಆಡ್ಲರ್ ಮೊದಲಾದವರು ಬೆಳೆಸಿದ ಶಾಸ್ತ್ರವನ್ನು, ಪಾಠ ಹೇಳುವ ಪ್ರತಿಯೊಬ್ಬನೂ ಓದಬೇಕು ಎಂಬುದು ನನ್ನ ವಾದ. ಓದಬೇಕಾದದ್ದು ಹುಡುಗರ ಒಳಗನ್ನು ಬಗೆದು ನೋಡುವುದಕ್ಕಲ್ಲ; ತನ್ನ ಒಳಗಿನಿಂದ ತರಗತಿಗೆ ಏನೇನು ಬರುತ್ತಿದೆ ಎಂಬುದನ್ನು ಕಂಡುಕೊಳ್ಳುವುದಕ್ಕೆ.

ಹೀಗೆ ಹೇಳಲು ನನಗಿರುವ ಅಧಿಕಾರವಾದರೂ ಏನು? ನಾನು ಕನ್ನಡದ ಅಧ್ಯಾಪಕ. ಪಂಪನನ್ನೂ ಕೇಶಿರಾಜನನ್ನೂ ಹೇಳಿ ಹೊಟ್ಟೆ ಹೊರೆಯುವವನು. ನಲವತ್ತು ತುಂಬಿದ ವರ್ಷ, ದೂರಶಿಕ್ಷಣದ ಮೂಲಕ ಮನಶ್ಶಾಸ್ತ್ರದಲ್ಲಿ ಇನ್ನೊಂದು ಎಂ.ಎ.ಗೆ ಹಣ ಕಟ್ಟಿದೆ. “ಏನ್ ಸ್ವಾಮಿ, ನಿಮ್ಹಾನ್ಸಿಗೆ ವರ್ಗವಾಯಿತೆ?” ಎಂದು ಜೊತೆಯವರು ಚೇಷ್ಟೆ ಮಾಡಿದರು. ಹಿರಿಯರೊಬ್ಬರು, ಇದರಿಂದ ಬಡ್ತಿಗೆ ಒಂದು ಅಂಕವೂ ಸೇರುವುದಿಲ್ಲವಲ್ಲ ಎಂದು ಮರುಕಪಟ್ಟರು. ಅವರು ಹೇಳಿದ್ದು ಅಕ್ಷರಶಃ ನಿಜ. ಆ ಎಂ.ಎ.ಯ ಬಹುಭಾಗ ಸಂಖ್ಯಾಶಾಸ್ತ್ರ, ಪ್ರಯೋಗ, ಬುದ್ಧಿಶಕ್ತಿಯ ಅಳತೆ. ಆಳದ ಮನಶ್ಶಾಸ್ತ್ರಕ್ಕೆ ಮೀಸಲಾದದ್ದು ಒಂದು ಪತ್ರಿಕೆಯ ಮೊದಲ ಎರಡು ಅಧ್ಯಾಯ. ಆದರೆ ಆ ಎರಡು ಅಧ್ಯಾಯಗಳು ನನ್ನನ್ನು ಮೂಲ ಗ್ರಂಥಗಳ ಕಡೆಗೆ ನೂಕಿದುವು. ಐದಾರು ವರ್ಷಗಳಿಂದ ಅವುಗಳ ಸಹವಾಸದಲ್ಲಿದ್ದೇನೆ.

ನಮ್ಮಲ್ಲಿ ಯಾರಿಗೆ ಈ ಓದು ಉಂಟು, ಯಾರಿಗೆ ಇಲ್ಲ, ನೋಡೋಣ. ಹೈಸ್ಕೂಲಿನಲ್ಲಿ ಕಲಿಸುವವರಿಗೆ ಬಿ.ಎಡ್. ಬೇಕು. ೨೦೧೪ರ ನಿಯಮಗಳಂತೆ ಆ ಶಿಕ್ಷಣ ಎರಡು ವರ್ಷದ್ದಾದಾಗ, ‘ತನ್ನನ್ನು ಅರಿಯುವುದು’ ಎಂಬ ಒಂದು ಅಭ್ಯಾಸವನ್ನೇ ಪಠ್ಯಕ್ರಮದಲ್ಲಿ ಸೇರಿಸಿದರು. ಯೋಜನೆ ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ಅದು ಕೆಳಗಿಳಿಯುತ್ತ ಇಳಿಯುತ್ತ ಏನಾಯಿತು? ನನಗೆ ಪರಿಚಯದ ಹುಡುಗಿಯೊಬ್ಬಳು ‘ನಾನು ಯಾರು?’ ಎಂಬ ಶೀರ್ಷಿಕೆಯ ಕೆಳಗೆ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ನೋಡಿ ನಾಲ್ಕು ಪುಟ ನಕಲು ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಉಪನಿಷತ್ತಿನ ಋಷಿಗಳಿಗೂ ಇಷ್ಟು ಸುಲಭದಲ್ಲಿ ಉತ್ತರ ಸಿಕ್ಕಿರಲಿಲ್ಲ!

ಅದಾದರೂ ಹೈಸ್ಕೂಲಿನ ಮಾತು. ಪದವಿ ಕಾಲೇಜಿನ ಅಧ್ಯಾಪಕನಿಗೆ ಇಷ್ಟೂ ಬೇಡ. ಸ್ನಾತಕೋತ್ತರ ಪದವಿ, ನೆಟ್ ಅಥವಾ ಕೆಸೆಟ್, ಇಲ್ಲವೆ ಪಿಎಚ್.ಡಿ. ಇದ್ದರೆ ಸಾಕು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಕಲಿಯುವವರ ಸ್ವಭಾವದ ಮೇಲೆ ಕೆಲವು ಪ್ರಶ್ನೆಗಳಿರುತ್ತವೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ, ಮನುಷ್ಯನ ಬಾಳಿನಲ್ಲಿ ಅತ್ಯಂತ ಬಿರುಗಾಳಿಯ ಆ ಮೂರು ವರ್ಷಗಳನ್ನು ಯಾರ ಕೈಗೆ ಒಪ್ಪಿಸಿದ್ದೇವೋ ಅವರಿಗೆ ಮನಸ್ಸಿನ ವಿಷಯವಾಗಿ ಒಂದಕ್ಷರವನ್ನೂ ಯಾರೂ ಹೇಳಿಕೊಟ್ಟಿಲ್ಲ. ಸ್ಕೂಟರ್ ಓಡಿಸುವುದಕ್ಕೂ ಲೈಸೆನ್ಸು ಬೇಕಾದ ದೇಶವಿದು.

ಹಾಗಾದರೆ ಕನ್ನಡ ವಿಭಾಗಗಳಲ್ಲಿ ಫ್ರಾಯ್ಡನ ಹೆಸರು ಕೇಳಿಬರುವುದೇ ಇಲ್ಲವೆ? ಚೆನ್ನಾಗಿಯೇ ಕೇಳಿಬರುತ್ತದೆ. ನವ್ಯದ ಕಾಲದಿಂದ ಈಚೆಗೆ ಫ್ರಾಯ್ಡನೂ ಯೂಂಗನೂ ನಮ್ಮ ವಿಮರ್ಶೆಯಲ್ಲಿ ಮನೆಯ ನೆಂಟರಾಗಿದ್ದಾರೆ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯ ನಾಯಕನನ್ನೂ, ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪನನ್ನೂ ಮಂಚದ ಮೇಲೆ ಮಲಗಿಸಿ ಎಷ್ಟು ಪ್ರಬಂಧಗಳಾಗಿಲ್ಲ! ಕವಿ ತನ್ನ ತಾಯಿಯನ್ನು ನೆನೆದರೆ ಸಾಕು, ಈಡಿಪಸ್ ಗ್ರಂಥಿ ಎಂದು ಚೀಟಿ ಅಂಟಿಸಿ ಮುಂದಕ್ಕೆ ಹೋಗುವ ಶೂರರೂ ಇದ್ದಾರೆ. ಸತ್ತ ಕವಿ ಎದ್ದು ಬಂದು ಜವಾಬು ಹೇಳಲಾರ. ಕಾದಂಬರಿಯ ಪಾತ್ರ ಮೇಲಧಿಕಾರಿಗಳಿಗೆ ದೂರು ಕೊಡಲಾರದು. ಇಷ್ಟೆಲ್ಲ ಬರೆದ ಪಂಡಿತರು ಮರುದಿನ ತರಗತಿಗೆ ಹೋಗಿ, ಹಿಂದಿನ ಬೆಂಚಿನ ಹುಡುಗ ಕಿಟಕಿಯ ಕಡೆ ನೋಡಿದನೆಂದು ಉರಿದೆದ್ದು, “ಗೆಟ್ ಔಟ್” ಎನ್ನುತ್ತಾರೆ. ಆ ಉರಿ ಎಲ್ಲಿಂದ ಬಂತೆಂದು ಕೇಳಿಕೊಳ್ಳಲು ಅದೇ ಫ್ರಾಯ್ಡ್ ಅವರ ನೆನಪಿಗೆ ಬರುವುದಿಲ್ಲ. ಪರರಿಗೆ ಮಾತ್ರ ಬಳಸುವ ಔಷಧಿ ಅದು.

ವಿಚಿತ್ರವೆಂದರೆ, ಈ ಶಾಸ್ತ್ರ ಹುಟ್ಟಿದಂದಿನಿಂದಲೂ ಮೇಷ್ಟರ ನಂಟನ್ನು ಬಿಟ್ಟಿಲ್ಲ. ೧೯೧೪ರಲ್ಲಿ ಫ್ರಾಯ್ಡ್ ತಾನು ಓದಿದ ಶಾಲೆಯ ಐವತ್ತನೆಯ ವರ್ಷದ ಸಂಚಿಕೆಗೆ ಒಂದು ಪುಟ್ಟ ಲೇಖನ ಬರೆದ. ಆಗ ಅವನಿಗೆ ಐವತ್ತೆಂಟು ವರ್ಷ. ಹಳೆಯ ಮೇಷ್ಟರು ಬೀದಿಯಲ್ಲಿ ಎದುರಾದರೆ ಈ ವಯಸ್ಸಿನಲ್ಲೂ ತಾನು ಮತ್ತೆ ಹುಡುಗನಾಗಿಬಿಡುವ ಸೋಜಿಗದಿಂದ ಆರಂಭಿಸಿ, ಅವನು ಹೇಳುವ ಮಾತಿನ ತಾತ್ಪರ್ಯ ಇದು: ಹುಡುಗರು ಮೇಷ್ಟರನ್ನು ಪೂಜಿಸುವುದಾಗಲಿ ದ್ವೇಷಿಸುವುದಾಗಲಿ ಮೇಷ್ಟರ ಗುಣದೋಷಗಳಿಂದ ಮಾತ್ರವಲ್ಲ, ತಂದೆಯ ಮೇಲೆ, ಅಣ್ಣಂದಿರ ಮೇಲೆ ಮೊದಲೇ ಹುಟ್ಟಿ ಬೆಳೆದಿದ್ದ ಪ್ರೀತಿ ಕೋಪಗಳನ್ನು ಅವರು ತಂದು ಮೇಷ್ಟರ ತಲೆಯ ಮೇಲೆ ಹೊರಿಸುತ್ತಾರೆ. ಮೇಷ್ಟರು ಸಂಪಾದಿಸದೆ ಇದ್ದ ಆಸ್ತಿಗೂ, ಮಾಡದೆ ಇದ್ದ ಸಾಲಕ್ಕೂ ವಾರಸುದಾರರಾಗುತ್ತಾರೆ.

ಈ ಒಂದು ಅರಿವು ನನ್ನ ದಿನಚರಿಯನ್ನು ಎಷ್ಟು ಹಗುರ ಮಾಡಿತೆಂಬುದನ್ನು ಹೇಳಿ ತೀರದು. ಹುಡುಗರು ಕಾಲು ಮುಟ್ಟಲು ಬಂದರೆ ಉಬ್ಬಬೇಕಾದದ್ದಿಲ್ಲ, ಮುಖ ತಿರುಗಿಸಿದರೆ ಕುಗ್ಗಬೇಕಾದದ್ದಿಲ್ಲ. ಎರಡರಲ್ಲೂ ನನ್ನ ಪಾಲು ಸ್ವಲ್ಪವೇ.

ಆಮೇಲೆ ಬಂದವರನ್ನು ನೋಡಿ. ಫ್ರಾಯ್ಡನ ಮಗಳು ಆನ್ನಾ ಮೊದಲು ಶಾಲೆಯ ಉಪಾಧ್ಯಾಯಿನಿ. ದಾರಿ ತಪ್ಪಿದ ಹುಡುಗರನ್ನು ಕುರಿತು ಹೆಸರಾಂತ ಗ್ರಂಥ ಬರೆದ ಆಯ್ಖ್‌ಹಾರ್ನ್ ಕೂಡ ಮೇಷ್ಟರೇ. ಆಡ್ಲರ್ ೧೯೨೦ರ ದಶಕದಲ್ಲಿ ವಿಯೆನ್ನಾದ ಶಾಲೆಗಳ ಜೊತೆಗೂಡಿ ಮಕ್ಕಳ ಸಲಹಾ ಕೇಂದ್ರಗಳನ್ನು ನಡೆಸಿದ. ಮುಂದೆ ಗಾಂಧೀಜಿಯ ಮೇಲೆ ದೊಡ್ಡ ಪುಸ್ತಕ ಬರೆದ ಎರಿಕ್‌ಸನ್, ೧೯೨೭ರಲ್ಲಿ ವಿಯೆನ್ನಾಕ್ಕೆ ಬಂದದ್ದು ಒಂದು ಪುಟ್ಟ ಶಾಲೆಯಲ್ಲಿ ಪಾಠ ಹೇಳುವುದಕ್ಕೆ. ಅವನಿಗೆ ಯಾವ ವಿಶ್ವವಿದ್ಯಾನಿಲಯದ ಪದವಿಯೂ ಇರಲಿಲ್ಲ. ನಮ್ಮ ಕಾಲೇಜಿನಲ್ಲಾಗಿದ್ದರೆ ಅತಿಥಿ ಉಪನ್ಯಾಸಕನ ಅರ್ಜಿಯೂ ತಿರಸ್ಕೃತವಾಗುತ್ತಿತ್ತು.

ಆಯ್ಖ್‌ಹಾರ್ನನ ಪುಸ್ತಕಕ್ಕೆ ೧೯೨೫ರಲ್ಲಿ ಬರೆದ ಮುನ್ನುಡಿಯಲ್ಲಿ ಫ್ರಾಯ್ಡ್, ಮಾಡಿ ಮುಗಿಸಲಾಗದ ಮೂರು ಕಸುಬುಗಳುಂಟೆಂಬ ಹಳೆಯ ಚಾಟೂಕ್ತಿಯನ್ನು ನೆನೆಯುತ್ತಾನೆ: ಕಲಿಸುವುದು, ಗುಣಪಡಿಸುವುದು, ಆಳುವುದು. ಅಲ್ಲಿಯೇ ಇನ್ನೆರಡು ಮಾತು ಹೇಳುತ್ತಾನೆ. ಶಿಕ್ಷಕನಾದವನು ಈ ಶಾಸ್ತ್ರವನ್ನು ಕಲಿಯಬೇಕು, ಸಾಧ್ಯವಾದರೆ ತನ್ನ ಮೇಲೆಯೇ ಅದನ್ನು ಪ್ರಯೋಗಿಸಿಕೊಂಡು ಕಲಿಯಬೇಕು. ಆದರೆ ಶಿಕ್ಷಣವೇ ಬೇರೆ, ಮನೋವಿಶ್ಲೇಷಣೆಯೇ ಬೇರೆ. ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಲಾರದು. ಆಪ್ತಸಲಹೆಗಾರರಿದ್ದಾರಲ್ಲ ಎಂದು ಕೈ ತೊಳೆದುಕೊಳ್ಳುವವರಿಗೂ, ತರಗತಿಯನ್ನೇ ಚಿಕಿತ್ಸಾಲಯ ಮಾಡಹೊರಟವರಿಗೂ ನೂರು ವರ್ಷಗಳ ಹಿಂದೆಯೇ ಕೊಟ್ಟ ಉತ್ತರ ಇದು.

ಹಿಂದಿನ ವರ್ಷ ಆಂತರಿಕ ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾಯಿತೆಂದು ಹುಡುಗನೊಬ್ಬ ಎಲ್ಲರೆದುರಿಗೆ ನನ್ನೊಡನೆ ಜಗಳಕ್ಕೆ ನಿಂತ. ದನಿ ಏರಿತ್ತು, ಕೈ ನಡುಗುತ್ತಿತ್ತು. ನನಗೂ ಕೋಪ ಬಂತು. ಆದರೆ ಬಂದ ಕೋಪವನ್ನು ತೂಗಿ ನೋಡುವ ಅಭ್ಯಾಸವನ್ನು ಈ ಓದು ನನಗೆ ಅಂಟಿಸಿದೆ. ಅವನ ಕೋಪ ಎರಡು ಅಂಕದ ಅಳತೆಯದಲ್ಲ, ನನ್ನದೂ ಅಲ್ಲ. ಎರಡು ಅಂಕಕ್ಕಾಗಿ ನಲವತ್ತಾರು ವರ್ಷದ ಗಂಡಸಿನ ಕಿವಿ ಬಿಸಿಯಾಗಬೇಕಾದ ಕಾರಣವೇನು? ನಮ್ಮ ಮನೆಯಲ್ಲಿ ಎದುರು ಮಾತೆಂಬುದು ಇರಲಿಲ್ಲ. ತಂದೆಯವರು ಊಟದ ಎಲೆಯಿಂದ ತಲೆಯೆತ್ತಿ ನೋಡಿದರೆ ನಾವು ಮಾತನ್ನು ಅರ್ಧಕ್ಕೇ ನುಂಗುತ್ತಿದ್ದೆವು. ನಾನು ನುಂಗಿದ್ದನ್ನು ಈ ಹುಡುಗ ಉಗುಳುತ್ತಿದ್ದಾನೆ! ಅದು ಹೊಳೆದ ಕ್ಷಣ ಕಿವಿಯ ಬಿಸಿ ಇಳಿಯಿತು. “ನಾಳೆ ಹನ್ನೊಂದಕ್ಕೆ ಬಾಪ್ಪ, ಉತ್ತರ ಪತ್ರಿಕೆ ಇಬ್ಬರೂ ಕೂತು ನೋಡೋಣ” ಎಂದೆ. ಬಂದ, ನೋಡಿದೆವು. ಒಂದು ಅಂಕ ಅವನಿಗೆ ಸಿಕ್ಕಬೇಕಾದದ್ದೇ, ಇನ್ನೊಂದು ಅಲ್ಲ. ಹಾಗೆಂದು ಹೇಳಿದೆ, ಒಪ್ಪಿದ. ಅವನ ಮನೆಯ ಕಥೆ ಏನೆಂದು ನಾನು ಕೇಳಲಿಲ್ಲ. ಇಂದಿಗೂ ನನಗೆ ತಿಳಿಯದು. ಕೇಳುವ ಅಧಿಕಾರ ನನಗಿಲ್ಲ. ಈ ಓದು ಕಲಿಸುವ ಮೊದಲನೆಯ ಮರ್ಯಾದೆ ಅದೇ.

ಇನ್ನು, ನಮ್ಮ ದೇಶದ ಮೇಷ್ಟರಿಗೆ ಈಡಿಪಸ್ಸಿಗಿಂತ ಹತ್ತಿರದವನೊಬ್ಬನಿದ್ದಾನೆ. ಎ. ಕೆ. ರಾಮಾನುಜನ್ ಅವರು ‘ಇಂಡಿಯನ್ ಈಡಿಪಸ್’ ಎಂಬ ತಮ್ಮ ಪ್ರಬಂಧದಲ್ಲಿ, ಉತ್ತರ ಕರ್ನಾಟಕದ ಹೆಂಗಸೊಬ್ಬಳಿಂದ ತಾವು ಕೇಳಿದ ಒಂದು ಕಥೆಯನ್ನು ಹಿಡಿದುಕೊಂಡು ಹೊರಟು, ಒಂದು ದೊಡ್ಡ ಮಾತನ್ನು ತೋರಿಸಿಕೊಟ್ಟಿದ್ದಾರೆ. ಗ್ರೀಕರ ಕಥೆಯಲ್ಲಿ ಮಗ ತಂದೆಯನ್ನು ಕೊಲ್ಲುತ್ತಾನೆ. ನಮ್ಮ ಕಥೆಗಳಲ್ಲಿ ಸಾಮಾನ್ಯವಾಗಿ ಬಾಣ ತಿರುಗಿ ಬರುತ್ತದೆ, ಹಿರಿಯನೇ ಕಿರಿಯನ ಬಾಳನ್ನು ಕೇಳುತ್ತಾನೆ. ಯಯಾತಿ ಮಗನ ಯೌವನವನ್ನು ಕೇಳಿ ಪಡೆದ. ಶಂತನುವಿನ ಆಸೆಗಾಗಿ ಭೀಷ್ಮ ಸಂಸಾರವನ್ನೇ ಬಿಟ್ಟ. ಈ ಸಾಲಿಗೆ ನಾನು ದ್ರೋಣರನ್ನೂ ಸೇರಿಸುತ್ತೇನೆ. ಒಂದು ದಿನವೂ ಪಾಠ ಹೇಳದ ಹುಡುಗನಿಂದ ಹೆಬ್ಬೆರಳನ್ನು ದಕ್ಷಿಣೆಯಾಗಿ ಕೇಳಿದರಲ್ಲ, ಅವರು ನಮ್ಮ ವೃತ್ತಿಯ ಮೂಲಪುರುಷರಲ್ಲೊಬ್ಬರು! ಕುವೆಂಪು ಅವರು ಈ ಕಥೆಯನ್ನೇ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಎತ್ತಿಕೊಂಡರು. ಅವರೂ ಅಧ್ಯಾಪಕರಾಗಿದ್ದವರು ಎಂಬುದನ್ನು ಮರೆಯಬಾರದು.

ಕಾಲೇಜಿನ ಕೆಲಸದ ಒಂದು ಕ್ರೌರ್ಯವನ್ನು ಹೊರಗಿನವರು ಬಲ್ಲರೋ ಇಲ್ಲವೋ. ಎದುರಿಗೆ ಕುಳಿತವರ ವಯಸ್ಸು ಪ್ರತಿ ಜೂನ್ ಜುಲೈಯಲ್ಲೂ ಹದಿನೆಂಟೇ. ನಮ್ಮದು ಮಾತ್ರ ಏರುತ್ತ ಹೋಗುತ್ತದೆ. ಇಪ್ಪತ್ತು ವರ್ಷ ಹೀಗೆ ಬತ್ತದ ಹೊಳೆಯ ದಡದಲ್ಲಿ ನಿಂತವನ ಮನಸ್ಸಿನಲ್ಲಿ ಯಯಾತಿ ಹುಟ್ಟದಿದ್ದರೆ ಆಶ್ಚರ್ಯ. “ನಮ್ಮ ಕಾಲದಲ್ಲಿ ಹೀಗಿರಲಿಲ್ಲ”, “ಈಗಿನವರಿಗೆ ಮೊಬೈಲ್ ಒಂದಿದ್ದರೆ ಸಾಕು” ಎಂಬ ನಮ್ಮ ನಿತ್ಯಮಂತ್ರಗಳಲ್ಲಿ ನೀತಿಯೆಷ್ಟು, ಹೊಟ್ಟೆಕಿಚ್ಚೆಷ್ಟು? ಪದವಿ ತರಗತಿಯಲ್ಲಿ ಇದು ಗೊಣಗಾಟದಲ್ಲೇ ಮುಗಿಯುತ್ತದೆ. ಸಂಶೋಧನೆಯ ಹಂತಕ್ಕೆ ಹೋದರೆ ಇದಕ್ಕೆ ಹಲ್ಲು ಬರುತ್ತದೆ. ಪಿಎಚ್.ಡಿ. ವಿದ್ಯಾರ್ಥಿಯಿಂದ ಮನೆಗೆ ತರಕಾರಿ ತರಿಸುವ, ಮಗಳ ಮದುವೆಯಲ್ಲಿ ಪಂಕ್ತಿಗೆ ಬಡಿಸಲು ನಿಲ್ಲಿಸುವ, ಒಂದು ಸಹಿಗಾಗಿ ಆರು ತಿಂಗಳು ಅಲೆಸುವ ಮಾರ್ಗದರ್ಶಕರ ಸಮಾಚಾರ ವಿಶ್ವವಿದ್ಯಾನಿಲಯದ ಕ್ಯಾಂಟೀನುಗಳಲ್ಲಿ ಯಾರಿಗೆ ಗೊತ್ತಿಲ್ಲ? ಅವರು ದುಷ್ಟರೆಂದು ನಾನು ಹೇಳುವುದಿಲ್ಲ. ಅನೇಕರು ಮನೆಯಲ್ಲಿ ಸಾಧುಗಳು. ತಮ್ಮ ಗುರುವಿನ ಮನೆಗೆ ತಾವು ತರಕಾರಿ ಹೊತ್ತ ನೆನಪನ್ನು ಭಕ್ತಿಯಿಂದ ಹೇಳಿಕೊಳ್ಳುವವರು. ಆ ಭಕ್ತಿಯ ಅಡಿಯಲ್ಲಿ ಕುದಿಯುತ್ತಿರುವುದನ್ನು ಮಾತ್ರ ಅವರು ಎಂದೂ ಇಣುಕಿ ನೋಡಿಲ್ಲ. ಹೆತ್ತವರು ಬಾಳದೆ ಬಿಟ್ಟ ಬಾಳಿನ ಹೊರೆ ಮಕ್ಕಳ ಮೇಲೆ ಬೀಳುತ್ತದೆಂದು ಯೂಂಗ್ ಹೇಳಿದ್ದುಂಟು. ಹೆತ್ತವರು ಎಂಬಲ್ಲಿ ‘ಗೈಡು’ ಎಂದು ಓದಿಕೊಂಡರೂ ಅರ್ಥ ಕೆಡುವುದಿಲ್ಲ. ಹೊರೆ ಹೊತ್ತು ಕುಸಿದವನನ್ನು ಆಪ್ತಸಲಹೆಗಾರರ ಬಳಿಗೆ ಕಳಿಸುತ್ತಾರಂತೆ. ಹೊರಿಸಿದವರನ್ನು ಕಳಿಸುವುದು ಎಲ್ಲಿಗೆ?

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಫ್ರಾಯ್ಡ್ ಹಳಬನಾದ, ಅವನದು ವಿಜ್ಞಾನವೇ ಅಲ್ಲ ಎಂಬುದು ಮೊದಲನೆಯದು. ಯಾವ ಸಂಗತಿ ನಡೆದರೂ ತನಗೆ ಸಾಕ್ಷಿಯೆಂದೇ ಹೇಳಿಕೊಳ್ಳುವ ಸಿದ್ಧಾಂತ ವಿಜ್ಞಾನವಾಗಲಾರದೆಂದು ಕಾರ್ಲ್ ಪಾಪರ್ ತೋರಿಸಿದ. ಈ ಪಾಪರ್ ಮಹಾಶಯನೂ ಹಿಂದೊಮ್ಮೆ ವಿಯೆನ್ನಾದಲ್ಲಿ ಶಾಲಾ ಮೇಷ್ಟರಾಗಿದ್ದವನು, ಆಡ್ಲರನ ಕೇಂದ್ರದಲ್ಲಿ ಮಕ್ಕಳ ನಡುವೆ ಕೆಲಸ ಮಾಡಿದವನು ಎಂಬುದು ಬೇರೆ ಮಾತು. ಅವನ ಟೀಕೆಯಲ್ಲಿ ಹುರುಳುಂಟು. ಈಡಿಪಸ್ ಗ್ರಂಥಿಯನ್ನು ವೇದವಾಕ್ಯವೆಂದು ನಂಬಿರೆಂದು ನಾನು ಯಾರನ್ನೂ ಕೇಳುತ್ತಿಲ್ಲ. ನನಗೆ ಬಂದ ಕೋಪಕ್ಕೆ ನಾನು ಕೊಟ್ಟುಕೊಳ್ಳುವ ಕಾರಣವೇ ನಿಜವಾದ ಕಾರಣವಾಗಿರಬೇಕಾಗಿಲ್ಲ ಎಂಬ ಸಂಶಯವೊಂದು ಹುಟ್ಟಿದರೆ ಸಾಕು. ಆ ಸಂಶಯಕ್ಕೆ ಪ್ರಯೋಗಶಾಲೆಯ ಮುದ್ರೆ ಬೇಕಾಗಿಲ್ಲ.

ಇದು ಪಶ್ಚಿಮದ ಸರಕು, ನಮಗೆ ಅರಿಷಡ್ವರ್ಗಗಳಿಲ್ಲವೆ, ವಾಸನೆ ಸಂಸ್ಕಾರಗಳಿಲ್ಲವೆ, ಎಂಬುದು ಇನ್ನೊಂದು. ಇವೆ, ಸ್ವಾಮಿ, ಎಲ್ಲಿಟ್ಟಿದ್ದೀರಿ? ಕಲ್ಕತ್ತದ ಗಿರೀಂದ್ರಶೇಖರ ಬೋಸರು ೧೯೨೨ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿ, ನಮ್ಮ ಜನರ ಮನಸ್ಸು ನಿಮ್ಮ ಸೂತ್ರಕ್ಕೆ ಪೂರ್ತಿ ಒಗ್ಗುವುದಿಲ್ಲವೆಂದು ಫ್ರಾಯ್ಡನೊಡನೆ ಪತ್ರಗಳಲ್ಲಿ ಸಮಸಮನಾಗಿ ವಾದಿಸಿದರು. ೧೯೩೮ರ ಸುಮಾರಿಗೆ ಭಾರತಕ್ಕೆ ಬಂದ ಯೂಂಗ್, ಮೈಸೂರು ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ನಡೆಸಿದ ಚರ್ಚೆಗಳನ್ನು ಆತ್ಮಕಥೆಯಲ್ಲಿ ನೆನೆದಿದ್ದಾನೆ. ಮೈಸೂರಿನಲ್ಲಿ ೧೯೨೪ರಷ್ಟು ಹಿಂದೆಯೇ ಎಂ. ವಿ. ಗೋಪಾಲಸ್ವಾಮಿಯವರ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕೊರವಂಜಿಯ ರಾಶಿಯವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವೇ ಬಂತು. ನಮ್ಮ ಹಿರಿಯರು ತೆರೆದ ಬಾಗಿಲು ಇದು. ಹೊಸಿಲಲ್ಲಿ ನಿಂತು ಮಡಿ ಮೈಲಿಗೆ ಎಣಿಸುತ್ತಿರುವವರು ನಾವು.

ಪುರಸೊತ್ತಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ನಮ್ಮ ಸರ್ಕಾರಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಡೆಯುತ್ತಿವೆ. ಮುಂದಿನ ವರ್ಷ ಕೆಲಸವಿರುವುದೋ ಇಲ್ಲವೋ ತಿಳಿಯದವನಿಗೆ ನಿನ್ನ ಸುಪ್ತಮನಸ್ಸನ್ನು ನೋಡಿಕೊ ಎಂದರೆ ಅವನು ನನ್ನನ್ನು ಹೊಡೆಯಲು ಬಂದಾನು, ಬರಬೇಕಾದದ್ದೇ. ಆದರೆ ಭದ್ರವಾದ ಸಂಬಳ ಪಡೆಯುವ ನಮ್ಮಂಥವರು ಬಡ್ತಿಗಾಗಿ ಎಷ್ಟು ವಾರಗಳನ್ನು ಪುನಶ್ಚೇತನ ಶಿಬಿರಗಳಲ್ಲಿ ಕ್ಯಾಮೆರಾ ಆರಿಸಿಕೊಂಡು ಕಳೆಯುತ್ತೇವೆ! ಅದರಲ್ಲಿ ಒಂದು ವಾರವನ್ನು ಇದಕ್ಕೆ ಮೀಸಲಿಡಲಿ. ಬಲ್ಲ ಮನಶ್ಶಾಸ್ತ್ರಜ್ಞರಿಂದ ಪಾಠ ಹೇಳಿಸಲಿ. ಮನಶ್ಶಾಸ್ತ್ರದಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ ಮಾಡಿದವರಿಗೆ ಪ್ರಕಟವಾದ ಅರೆಬೆಂದ ಸಂಶೋಧನಾ ಲೇಖನದಷ್ಟಾದರೂ ಬೆಲೆ ಸಿಗಲಿ.

ಲಂಡನ್ನಿನಲ್ಲಿ ಮೈಕೇಲ್ ಬಾಲಿಂಟ್ ಎಂಬ ವಿಶ್ಲೇಷಕ ೧೯೫೦ರ ದಶಕದಲ್ಲಿ ಸಾಮಾನ್ಯ ವೈದ್ಯರನ್ನು ವಾರಕ್ಕೊಮ್ಮೆ ಕೂಡಿಸಿ, ತಮ್ಮನ್ನು ಕಾಡುವ ಒಬ್ಬೊಬ್ಬ ರೋಗಿಯ ವಿಷಯ ಮಾತನಾಡಿಸುತ್ತಿದ್ದ; ರೋಗಿಯ ಕಾಯಿಲೆಯನ್ನಲ್ಲ, ಆ ರೋಗಿ ವೈದ್ಯರೊಳಗೆ ಎಬ್ಬಿಸಿದ್ದನ್ನು. ಅದನ್ನು ಅನುಸರಿಸಿ ನಮ್ಮ ಕಾಲೇಜಿನಲ್ಲಿ ನಾವು ಐದು ಜನ ತಿಂಗಳಿಗೊಂದು ಶನಿವಾರ ಪಾಠ ಮುಗಿದ ಮೇಲೆ ಸೇರುತ್ತಿದ್ದೇವೆ: ವಾಣಿಜ್ಯದವರೊಬ್ಬರು, ರಸಾಯನಶಾಸ್ತ್ರದವರಿಬ್ಬರು, ಲೈಬ್ರರಿಯವರು, ನಾನು. ಹುಡುಗರ ಹೆಸರು ಹೇಳುವಂತಿಲ್ಲ. ಪ್ರಶ್ನೆ ಒಂದೇ: ಈ ತಿಂಗಳು ನಿಮಗೆ ಸಹಿಸಲಾಗದ ವಿದ್ಯಾರ್ಥಿ ಯಾರು, ಅವರನ್ನು ಕಂಡಾಗ ನಿಮಗೆ ಏನಾಗುತ್ತದೆ? ಮೊದಲ ಸಲ ಅರ್ಧ ಗಂಟೆ ಯಾರೂ ಬಾಯಿ ಬಿಡಲಿಲ್ಲ, ಟೀ ಆರಿಹೋಯಿತು. ಈಗ ಕಾವಲಿನವನು ಬಂದು ಬೀಗ ಹಾಕಬೇಕೆಂದು ಹೇಳುವವರೆಗೂ ನಡೆಯುತ್ತದೆ. ಪ್ರಿನ್ಸಿಪಾಲರ ಕಿವಿಗೂ ಬಿದ್ದು, ಸಂತೋಷಪಟ್ಟು, ಇದನ್ನು ನ್ಯಾಕ್ ವರದಿಯಲ್ಲಿ ಯಾವ ಶೀರ್ಷಿಕೆಯ ಕೆಳಗೆ ತೋರಿಸುವುದೆಂದು ಕೇಳಿಕಳಿಸಿದ್ದಾರೆ. ಐದು ಜನರೂ ಸೇರಿ ಯೋಚಿಸಿ ತಿಳಿಸುತ್ತೇವೆಂದು ಹೇಳಿದ್ದೇನೆ.